ಪಿಟ್ಟಿನ ಪಕ್ಕದಲ್ಲೇ ಬಾವಿ!

ಬಂಟ್ವಾಳ: ಮಳೆ ಹಿಡಿದರೆ ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರೆಯ ಹೋಟೆಲು-ಮನೆಗಳ ಹಿತ್ತಿಲಲ್ಲಿ ಪಿಟ್ಟಿನದೇ ತಲೆನೋವು. ನಮ್ಮದು ಮುರಕಲ್ಲಿನ ನೆಲ, ತೂತು ತೂತು. ಇಂಗುಗುಂಡಿಯ ನೀರು ಆ ಸಂದಿನಲ್ಲೇ ಹಾದು ನೆರೆಯವರ ಬಾವಿ ಸೇರೀತು. ಎರಡಕ್ಕೂ 18 ಮೀಟರ್ ಅಂತರ ಬೇಕಂತೆ. ಐದು ಸೆಂಟ್ಸ್ ಜಾಗದಲ್ಲಿ ಅದನ್ನು ತರುವುದೆಲ್ಲಿಂದ ಸ್ವಾಮೀ?

ಎರಡು-ಮೂರು ವರ್ಷಕ್ಕೊಮ್ಮೆ ಕೆಸರನ್ನಾದರೂ ತೆಗೆಸಬೇಕು. ಆದರೆ ಉಕ್ಕುವವರೆಗೆ ಕಾದು, ಆಮೇಲೆ ಯಾರನ್ನೋ ಕೂಲಿಗೆ ಕರೆದು ಗುಂಡಿಗಿಳಿಸುವವರುಂಟು. ವಿಷಾನಿಲಕ್ಕೆ ಜೀವ ಹೋಗಲು ನಿಮಿಷ ಸಾಕು. ರಕ್ಷಣೆಯಿಲ್ಲದೆ ಇಳಿಸಿದವರಿಗೆ 2013ರ ಕಾಯಿದೆಯಂತೆ 2 ವರ್ಷದವರೆಗೆ ಸಜೆ, 2 ಲಕ್ಷದವರೆಗೆ ದಂಡ.

ಹೀರುವ ಲಾರಿಯ ಬಾಡಿಗೆ ಜಾಸ್ತಿಯೆಂದು ಗೊಣಗುವವರೇ ಎಲ್ಲ. ಹೀರಿದ್ದನ್ನು ಎಲ್ಲಿ ಸುರಿಯುತ್ತೀರಿ ಮಾರಾಯ್ರೆ ಎಂದು ಕೇಳುವವರಿಲ್ಲ. ಬಂಟ್ವಾಳ ದಾಟಿದ ನೇತ್ರಾವತಿ ನಿಲ್ಲುವುದು ತುಂಬೆಯ ಅಣೆಕಟ್ಟಿನಲ್ಲಿ. ಮಂಗಳೂರಿಗೆ ಕುಡಿಯುವ ನೀರು ಅಲ್ಲಿಂದಲೇ.