ಮರದ ಮೇಲಿನ ಪುಟ್ಟ ಸೀತಾಳೆ

ಮಳೆಗಾಲದಲ್ಲಿ ಖಂಡಾಳ, ಮಹಾಬಳೇಶ್ವರಗಳಿಗೆ ಹೋಗಿಬರುವ ನಮ್ಮ ವಾಚಕರಲ್ಲಿ ಕೆಲವರು ಮರದ ತೊಗಟೆಗೆ ಅಂಟಿಕೊಂಡ ಪುಟ್ಟ ಗಿಡಗಳನ್ನು ಕಿತ್ತು ತರುವುದುಂಟು. ಮನೆಯಲ್ಲಿ ಕುಂಡಕ್ಕೆ ಮಣ್ಣು ತುಂಬಿ, ನೆಟ್ಟು, ದಿನವೂ ಭಕ್ತಿಯಿಂದ ನೀರೆರೆದರೆ ಅದು ಕೊಳೆತುಹೋಗುತ್ತದೆ. ಹೀಗೇಕಾಗುತ್ತದೆಂಬುದನ್ನು ಒಂದೇ ಜಾತಿಯನ್ನು ಹಿಡಿದು ತಿಳಿಸುತ್ತೇವೆ.

ಮಲೆನಾಡಿನವರು ಸೀತಾಳೆ ಎನ್ನುವ ಆರ್ಕಿಡ್ ಕುಲಕ್ಕೆ ಸೇರಿದ ಇದಕ್ಕೆ ಶಾಸ್ತ್ರದ ಹೆಸರು ಡೆಂಡ್ರೋಬಿಯಂ ಮೈಕ್ರೊಬಲ್ಬಾನ್. 1841ರಲ್ಲಿ ಫ್ರಾನ್ಸಿನ ಅಶೀಲ್ ರಿಶಾರ್ ಎಂಬ ವಿದ್ವಾಂಸರು ಕೊಟ್ಟ ಹೆಸರು. ಮರದ ಮೇಲೆ ಬಾಳುವ, ಚಿಕ್ಕ ಗೆಡ್ಡೆಯ ಗಿಡವೆಂದು ಅರ್ಥ. ಇದರ ತವರು ನಮ್ಮ ಸಹ್ಯಾದ್ರಿಯ ಸೀಮೆಯೇ. ಗೆಡ್ಡೆ ಎಂದರೆ ನೆಲದೊಳಗಿನದಲ್ಲ. ದಂಟೇ ಉಬ್ಬಿ ಬೆರಳಿನ ಗೆಣ್ಣಿನಷ್ಟಾಗಿರುತ್ತದೆ. ನೀರಿನ ಉಗ್ರಾಣ ಅದೇ.

ಇದನ್ನು ಬಂದಳಿಕೆಯೆಂದು ತಿಳಿಯುವವರಿದ್ದಾರೆ. ಬಂದಳಿಕೆ ಮರದ ರಸ ಹೀರುತ್ತದೆ. ಇದಕ್ಕೆ ಮರ ಬರಿಯ ಆಸರೆ. ಬೇರಿನ ಸುತ್ತ ಬೆಂಡಿನಂಥ ಬಿಳಿಯ ಹೊದಿಕೆಯಿದ್ದು, ಹತ್ತಿಯಂತೆ ಮಳೆನೀರನ್ನು ಹೀರಿಕೊಳ್ಳುತ್ತದೆ. ನೆನೆದಾಗ ಹಸಿರಾಗಿ, ಒಣಗಿದಾಗ ಮತ್ತೆ ಬೆಳ್ಳಗಾಗುತ್ತದೆ. ಆ ಬೇರಿಗೆ ಗಾಳಿ ಆಡಬೇಕು. ಮಣ್ಣಿನಲ್ಲಿ ಹುಗಿದರೆ ಉಸಿರು ಕಟ್ಟಿದಂತೆ.

ಮಳೆಗಾಲದಲ್ಲಿ ಎಲೆ ಬಿಟ್ಟು ಗೆಡ್ಡೆ ತುಂಬಿಕೊಳ್ಳುತ್ತದೆ. ಮಳೆ ನಿಂತ ಮೇಲೆ ಎಲೆಯೆಲ್ಲ ಉದುರಿ ಗಿಡ ಸತ್ತಂತೆ ಕಾಣುತ್ತದೆ. ಸತ್ತಿಲ್ಲ! ಚಳಿಗಾಲದಲ್ಲಿ ಆ ಬೋಳು ಗೆಡ್ಡೆಯಿಂದಲೇ ಕಡ್ಡಿ ಹೊರಟು, ತುಟಿಯ ಮೇಲೆ ನೇರಳೆ ಗೆರೆಗಳುಳ್ಳ ಬಿಳಿ ಹೂಗಳು ಅರಳುತ್ತವೆ. ಗಾಬರಿಯಿಂದ ನೀರು ಹೊಯ್ಯುವ ಕೈಯೇ ಈ ಕಾಲದಲ್ಲಿ ಅದನ್ನು ಕೊಲ್ಲುವುದು. ಆಗೊಮ್ಮೆ ಈಗೊಮ್ಮೆ, ಇಬ್ಬನಿಯಷ್ಟು ಚಿಮುಕಿಸಿದರೆ ಸಾಕು.

ಸಾಕುವವರು ಒರಟು ತೊಗಟೆಯ ತುಂಡಿಗೆ ಹತ್ತಿಯ ನೂಲಿನಿಂದ ಕಟ್ಟಬೇಕು. ನೈಲಾನ್ ಬೇಡ. ಬೇರು ಹಿಡಿದುಕೊಳ್ಳುವ ಹೊತ್ತಿಗೆ ಹತ್ತಿ ತಾನೇ ಜೀರ್ಣವಾಗುತ್ತದೆ, ಬಿಚ್ಚುವ ತೊಂದರೆಯಿಲ್ಲ. (ನೂಲಿನ ಲೆಕ್ಕ ಬರೆಯುವವರಿಗೆ ಇಷ್ಟಾದರೂ ಗೊತ್ತಿರಬೇಡವೆ!) ಬೆಳಗಿನ ಎಳೆಬಿಸಿಲು, ಗಾಳಿ ಇರಲಿ.

ಆದರೆ ಗಿಡ ಕಾಡಿನದಾಗಬಾರದು. ಇದರ ಬೀಜ ಧೂಳಿನಂತೆ. ಒಳಗೆ ಆಹಾರವೇ ಇಲ್ಲ. ತೊಗಟೆಯ ಮೇಲೆ ತಕ್ಕ ಬೂಷ್ಟು ಸಿಕ್ಕರಷ್ಟೇ ಮೊಳೆಯುತ್ತದೆ. ಹೂ ಬಿಡಲು ವರ್ಷಗಳು ಬೇಕು. 1922ರಲ್ಲಿ ಅಮೆರಿಕದ ಲೂಯಿಸ್ ನಡ್‌ಸನ್ನರು ಸಕ್ಕರೆ ಬೆರೆಸಿದ ಪಾಕದಲ್ಲಿ, ಬೂಷ್ಟಿಲ್ಲದೆಯೇ ಆರ್ಕಿಡ್ ಬೀಜ ಮೊಳೆಯಿಸಿ ತೋರಿಸಿದರು. ಆದ್ದರಿಂದ ಸೀಸೆಯಲ್ಲಿ ಬೆಳೆಸಿದ ಆರ್ಕಿಡ್ ಸಸಿಗಳನ್ನೇ ನರ್ಸರಿಯಲ್ಲಿ ಕೇಳಿ ಕೊಳ್ಳಿರಿ. ಘಟ್ಟದಲ್ಲಿ ಗಾಳಿಗೆ ಮುರಿದುಬಿದ್ದ ಕೊಂಬೆಯ ಮೇಲೆ ಇಂಥ ಗಿಡ ಕಂಡರೆ, ಚೀಲಕ್ಕೆ ಹಾಕದೆ, ಪಕ್ಕದ ಮರಕ್ಕೇ ಒಂದು ಎಳೆ ನೂಲಿನಿಂದ ಕಟ್ಟಿ ಬನ್ನಿರಿ.