ಹದಿನೈದು ರೂಪಾಯಿಯ ಬಾನುಲಿ

ಕಳೆದ ದೀಪಾವಳಿಯಲ್ಲಿ ಸುಣ್ಣ ಬಳಿಸಲೆಂದು ದೇವದುರ್ಗದ ನಮ್ಮ ಹಳೆಯ ಮನೆಯನ್ನು ತೆರವು ಮಾಡುತ್ತಿದ್ದಾಗ, ತಗಡಿನ ಪೆಟ್ಟಿಗೆಯೊಂದರಲ್ಲಿ ಅಜ್ಜನವರ ರೇಡಿಯೋ ಲೈಸೆನ್ಸ್ ಪುಸ್ತಕ ದೊರೆಯಿತು. ಪುಟಪುಟಕ್ಕೂ ಅಂಚೆಕಚೇರಿಯ ಮುದ್ರೆ. 1966ರಲ್ಲಿ ಕಲಬುರಗಿಯ ಆಕಾಶವಾಣಿ ಆರಂಭವಾದ ಮೇಲೆ ಅವರು ರೇಡಿಯೋ ಕೊಂಡವರು. ಎಪ್ಪತ್ತರ ದಶಕದಲ್ಲಿ ವರ್ಷಕ್ಕೆ 15 ರೂಪಾಯಿ ಕಟ್ಟಬೇಕಾಗಿತ್ತು. ಅಂದಿಗೆ ಅದು ಸಣ್ಣ ಮೊತ್ತವಲ್ಲ. ಸಂಜೆಯಾದರೆ ಓಣಿಯವರೆಲ್ಲ ನಮ್ಮ ಕಟ್ಟೆಗೆ ಬರುತ್ತಿದ್ದರಂತೆ. "ನಮ್ಮ ರೊಕ್ಕದಾಗ ಮಾತಾಡ್ತಾರ, ನಮ್ಮ ಮಾತೂ ಒಂದೀಟು ಬರಬೇಕಲ್ಲ" ಎಂದು ಅಜ್ಜ ಹೇಳುತ್ತಿದ್ದುದನ್ನು ತಂದೆಯವರು ಈಗಲೂ ನೆನೆಯುತ್ತಾರೆ.

ಆ ಮಾತಿನಲ್ಲಿ ಒಂದು ದೊಡ್ಡ ಪ್ರಶ್ನೆ ಅಡಗಿದೆ. ಸಾರ್ವಜನಿಕ ಪ್ರಸಾರಕ್ಕೆ ಹಣ ಕೊಡಬೇಕಾದವರು ಯಾರು? ಕೊಟ್ಟ ಹಣ ಸಲ್ಲಬೇಕಾದುದು ಯಾವುದಕ್ಕೆ?

1927ರಲ್ಲಿ ಮುಂಬಯಿಯಲ್ಲಿ ಪ್ರಸಾರ ತೊಡಗಿದ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಲೈಸೆನ್ಸ್ ಹಣದ ಪಾಲನ್ನು ನೆಚ್ಚಿ ಹೊರಟು, ಸಾಕಷ್ಟು ರೇಡಿಯೋಗಳೇ ಇಲ್ಲದೆ 1930ರಲ್ಲಿ ಮುಚ್ಚಿತು. ಸರಕಾರ ಅದನ್ನು ವಹಿಸಿಕೊಂಡಿತು. 1935ರಲ್ಲಿ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಹುಟ್ಟುಹಾಕಿದ 'ಆಕಾಶವಾಣಿ'ಯೂ ಕೆಲವೇ ವರ್ಷಗಳಲ್ಲಿ ಸಂಸ್ಥಾನದ ಆಶ್ರಯ ಪಡೆಯಬೇಕಾಯಿತು. ಒಬ್ಬರ ಉತ್ಸಾಹದಿಂದ ಬಾನುಲಿ ಹುಟ್ಟಬಹುದು, ಬಾಳಲಾರದು.

ಲೈಸೆನ್ಸ್ ಪದ್ಧತಿ 1980ರ ದಶಕದ ನಡುವೆ ರದ್ದಾಯಿತು. ಅದು ಮರಳಿ ಬರಲೆಂದು ನಾನು ಹೇಳುವವನಲ್ಲ. ಗೌಡನಿಗೂ ಕೂಲಿಯವನಿಗೂ ಒಂದೇ ಶುಲ್ಕವೆಂಬುದು ನ್ಯಾಯವಲ್ಲ. ತಪಾಸಣೆಯವರ ಭಯ ಬೇರೆ. ಆದರೆ ಆ ಪುಸ್ತಕ ಹಿಡಿದವನಿಗೆ 'ಇದು ನನ್ನದು' ಎಂಬ ಅಧಿಕಾರವಿತ್ತು. ವಿಚಿತ್ರವೆಂದರೆ, ಶುಲ್ಕ ಹೋದಮೇಲೆ ಬಂದ 1990ರ ಪ್ರಸಾರ ಭಾರತಿ ಕಾಯಿದೆಯಲ್ಲಿಯೂ, ಲೈಸೆನ್ಸ್ ಶುಲ್ಕದ ಉತ್ಪನ್ನ 'ಇದ್ದರೆ' ಅದನ್ನು ನಿಗಮಕ್ಕೆ ಕೊಡಬಹುದೆಂಬ ಮಾತುಂಟು. ಆ 'ಇದ್ದರೆ' ಬರಿಯ ನೆನಪಾಗಿ ಉಳಿದಿದೆ. 1997ರಲ್ಲಿ ಸ್ಥಾಪನೆಯಾದ ನಿಗಮ ಇಂದು ಕೇಂದ್ರದ ಅನುದಾನ ಮತ್ತು ಜಾಹೀರಾತುಗಳ ಮೇಲೆ ನಿಂತಿದೆ.

ಅನುದಾನ ಕೊಡುವ ಕೈ ವರ್ಷವರ್ಷವೂ ಬಿಗಿಯಬಹುದು, ಸಡಿಲಿಸಬಹುದು. ಜಾಹೀರಾತು ಜನಜಂಗುಳಿ ಇದ್ದಲ್ಲಿಗೆ ಹೋಗುತ್ತದೆ; ಅಲಾವಿ ಪದ ಹಾಡುವ ಹಳ್ಳಿಯ ಮುದುಕಿಯನ್ನು ಯಾವ ಸಾಬೂನಿನ ಕಂಪನಿಯೂ ಅರಸಿಕೊಂಡು ಬಾರದು. ಜರ್ಮನಿಯಲ್ಲಿ 2013ರಿಂದ ಯಂತ್ರದ ಲೆಕ್ಕ ಬಿಟ್ಟು ಮನೆಗಿಷ್ಟೆಂದು ವಂತಿಗೆ ಪಡೆಯುತ್ತಾರೆ. ಎಷ್ಟು ಬೇಕೆಂಬುದನ್ನು ಸ್ವತಂತ್ರ ಆಯೋಗವೊಂದು ಪರಿಶೀಲಿಸಿ ಶಿಫಾರಸು ಮಾಡುತ್ತದೆ. ನಮ್ಮ ಬಡತನದಲ್ಲಿ ವಂತಿಗೆ ಬೇಡ, ಬೊಕ್ಕಸದಿಂದಲೇ ಬರಲಿ. ಆದರೆ ಹಲವು ವರ್ಷಗಳಿಗೆ ಒಮ್ಮೆಗೇ ನಿಗದಿಯಾಗಲಿ, ಸ್ವತಂತ್ರ ಆಯೋಗದ ಮಾತು ನಮ್ಮಲ್ಲಿಯೂ ನಡೆಯಲಿ.

ಇನ್ನು ವೆಚ್ಚದ ಮಾತು. 2023ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ ಪ್ರಸಾರ ಸೌಕರ್ಯಗಳ ವಿಸ್ತರಣೆ, ನವೀಕರಣಗಳಿಗೆ 2,539.61 ಕೋಟಿ ರೂಪಾಯಿಯ ಯೋಜನೆಯನ್ನು ಒಪ್ಪಿತು. ಗೋಪುರ ಬೇಕು, ಯಂತ್ರ ಬೇಕು. ಆದರೆ ಗೋಪುರ ಏನನ್ನು ನುಡಿಯಬೇಕು? ಮಾನ್ವಿಯ ರೈತನಿಗೆ ತುಂಗಭದ್ರಾ ಎಡದಂಡೆಯ ನೀರು ಕಾಲುವೆಯ ಕೊನೆಯವರೆಗೆ ಬಂದೀತೆ ಎಂಬುದು ದೆಹಲಿಯ ಸುದ್ದಿಗಿಂತ ಹತ್ತಿರದ್ದು. ಜಗನ್ನಾಥದಾಸರು ಬಾಳಿದ ಮಾನ್ವಿ, ಗೋಪಾಲದಾಸರು ಹುಟ್ಟಿದ ಮೊಸರಕಲ್ಲು ಇದೇ ಸೀಮೆಯವು. ರಾಯಚೂರಿನಲ್ಲಿಯೇ ಆಕಾಶವಾಣಿ ನಿಲಯವಿದೆ. ಇಂಥ ಜಿಲ್ಲಾ ನಿಲಯಗಳಿಗೆ ಹಳ್ಳಿಗೆ ಹೋಗಿಬರುವ ವಾಹನ, ಕಲಾವಿದರಿಗೆ ಮರ್ಯಾದೆಯ ಸಂಭಾವನೆ, ಮುದ್ರಿಸಿದ್ದನ್ನು ಕಾಪಿಡುವ ವ್ಯವಸ್ಥೆ, ಇಷ್ಟಕ್ಕೆ ತಪ್ಪದೆ ಒಂದು ಪಾಲು ಮೀಸಲಾಗಬೇಕು. ಪ್ರತಿ ನಿಲಯದ ಆಯವ್ಯಯವನ್ನು ವರ್ಷಕ್ಕೊಮ್ಮೆ ಕನ್ನಡದಲ್ಲಿಯೇ ಪ್ರಕಟಿಸಬೇಕು.

ಈಗ ಎಲ್ಲರ ಕೈಯಲ್ಲೂ ಮೊಬೈಲು ಇರುವಾಗ ಬಾನುಲಿ ಯಾತಕ್ಕೆಂದು ಕೇಳುವವರುಂಟು. ಮಾನ್ವಿ ಕಡೆಯ ನನ್ನ ವಿದ್ಯಾರ್ಥಿಯೊಬ್ಬನ ಅಜ್ಜಿ ರಾತ್ರಿಯಿಡೀ ಹಾಡಬಲ್ಲವರಾಗಿದ್ದರು. ಅವನು ಎರಡು ಪದಗಳನ್ನು ಮೊಬೈಲಿನಲ್ಲಿ ಹಿಡಿದಿದ್ದ. "ಸರ್, ನೀವೊಮ್ಮೆ ಬಂದು ಕೇಳ್ರಿ" ಎಂದು ಎರಡು ವರ್ಷ ಕರೆದ. ಪರೀಕ್ಷೆ, ಮೌಲ್ಯಮಾಪನ ಎಂದು ನಾನು ಮುಂದೂಡುತ್ತಲೇ ಬಂದೆ. ಅಜ್ಜಿ ತೀರಿಕೊಂಡರು. ಮರುವರ್ಷ ಆ ಮೊಬೈಲು ನೀರಿನ ತೊಟ್ಟಿಗೆ ಬಿದ್ದು ಕೆಟ್ಟಿತು. ಹಿಡಿಯುವುದು ಇಂದು ಸುಲಭ. ಕಾಪಾಡುವುದಕ್ಕೆ ಸಂಸ್ಥೆ ಬೇಕು, ಸಂಸ್ಥೆಗೆ ಹಣ ಬೇಕು.

ಅಜ್ಜನವರ ಪುಸ್ತಕವನ್ನು ಈಗ ನನ್ನ ಮೇಜಿನ ಮೇಲಿಟ್ಟುಕೊಂಡಿದ್ದೇನೆ. ಅವರು ಪ್ರತಿವರ್ಷ ತಪ್ಪದೆ ಕಟ್ಟಿದರು. ಅವರ ಓಣಿಯ ಮಾತು ಒಂದು ದಿನವೂ ಅದರಲ್ಲಿ ಬರಲಿಲ್ಲವಂತೆ. ಆ ಬಾಕಿ ಇನ್ನೂ ತೀರಿಲ್ಲ.