ಗುಂಯ್ ಅನ್ನುವುದು ಮಗ್ಗವಲ್ಲ

ಪ್ರಶ್ನೆ: ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಹಾಡು, ಕೀಬೋರ್ಡ್ ರೆಕಾರ್ಡ್ ಮಾಡಿದಾಗ ಹಿಂದೆ ‘ಗುಂಯ್’ ಎಂಬ ಸದ್ದು ಬರುತ್ತದೆ. ಪಕ್ಕದ ವಿದ್ಯುತ್ ಮಗ್ಗಗಳೇ ಕಾರಣವೇ?

ಉತ್ತರ: ಮಗ್ಗವಾದರೆ ಲಟಪಟ ಎಂದು ತಾಳ ಹಾಕುತ್ತದೆ. ಒಂದೇ ಶ್ರುತಿ ಹಿಡಿದು ಗುಂಯ್‌ಗುಟ್ಟುವುದು ಕರೆಂಟಿನ ಕೆಲಸ. ನಮ್ಮ ವಿದ್ಯುತ್ 50 ಹರ್ಟ್ಸ್‌ನದು. ಈ ಸದ್ದೂ 50 ಇಲ್ಲವೇ 100 ಹರ್ಟ್ಸ್‌ನಲ್ಲಿ ಕೂರುತ್ತದೆ.

ಮೊದಲು ಚಾರ್ಜರ್ ಕಿತ್ತು, ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲೇ ನಡೆಸಿ ರೆಕಾರ್ಡ್ ಮಾಡಿ. ಸದ್ದು ಹೋಯಿತೇ? ಹಾಗಾದರೆ ತಪ್ಪು ಚಾರ್ಜರಿನದು, ಇಲ್ಲವೇ ಗ್ರೌಂಡ್ ಲೂಪ್: ಬೇರೆ ಬೇರೆ ಸಾಕೆಟ್‌ಗಳಲ್ಲಿರುವ ಲ್ಯಾಪ್‌ಟಾಪು, ಮಿಕ್ಸರುಗಳ ಅರ್ತಿಂಗ್ ದಾರಿಗಳು ಆಡಿಯೋ ಕೇಬಲ್ ಮೂಲಕ ಸೇರಿ ಸುತ್ತು ಕಟ್ಟಿಕೊಂಡಿರುತ್ತವೆ. ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ನೋಡಿ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಹೋಗಲಿಲ್ಲವೆಂದರೆ ಕೇಬಲ್‌ಗಳನ್ನು ಒಂದೊಂದಾಗಿ ಬದಲಿಸಿ, ಜಾಕಿನ ಬುಡ ಮೆಲ್ಲಗೆ ಅಲುಗಿಸಿ. ಗುಂಯ್ ಏರಿಳಿದರೆ ಒಳಗಿನ ಹೆಣಿಗೆ ತಂತಿ ಕಡಿದಿದೆ; ಬೆಸುಗೆ ಹಾಕಿದರಾಯಿತು.

ಉಪಕರಣದ ಲೋಹದ ಮೈ ಸವರಿದಾಗ ಜುಮ್ಮೆಂದರೆ ಅರ್ತಿಂಗನ್ನೇ ಅನುಮಾನಿಸಿ. ಬೇಸಿಗೆಯಲ್ಲಿ ಅರ್ತಿಂಗ್ ಗುಂಡಿ ಒಣಗುತ್ತದೆ, ಆಗಾಗ ನೀರು ಹೊಯ್ಯಬೇಕು. ಸದ್ದಡಗಿಸಲು ಮೂರನೇ ಪಿನ್ನನ್ನೇ ಕಿತ್ತೆಸೆಯುವ ಜಾಣರಿದ್ದಾರೆ. ಅದು ಪ್ರಾಣಕ್ಕೆ ಸಂಚಕಾರ. ಆ ಕೆಲಸ ಮಾತ್ರ ಬೇಡ, ಎಲೆಕ್ಟ್ರಿಷಿಯನ್ನನ್ನು ಕರೆಸಿ.